ಹಿಂದಿನ ಎಂಜಿನ್ ಕೋಣೆಯ ಮೂರನೇ ಬೆಸುಗೆ

2021ರ ಮಾರ್ಚ್ ತಿಂಗಳು. ನಾನು ಆಗ ನಾರ್ತ್ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಬಳಿಯ ಒಂದು ತಪಾಸಣಾ ಕಂಪನಿಯಲ್ಲಿ ಹಿರಿಯ ಇನ್‌ಸ್ಪೆಕ್ಟರ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು. ಗದಗಿನವಳು ನಾನು. ಊರು ಬಿಟ್ಟ ಮೇಲೆ ಒಂದು ಬಾಯ್ಲರ್ ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದೆ. ಆಮೇಲೆ ಈ ದೇಶದ ಸೇತುವೆ, ಟ್ಯಾಂಕು, ಪೈಪ್‌ಲೈನುಗಳ ಮೇಲೆ ಇಪ್ಪತ್ತೇಳು ವರ್ಷ. ಎಲ್ಲೇ ಇದ್ದರೂ ಕೆಲಸ ಒಂದೇ: ಉಕ್ಕಿನೊಳಗಿನ ದೋಷ ಹುಡುಕುವುದು.

ಅದಕ್ಕೆ ಬಳಸುವುದು ಅಲ್ಟ್ರಾಸಾನಿಕ್ ಪರೀಕ್ಷೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಹೆಂಗಸರು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ವಿದ್ಯೆ. ಕಿವಿಗೆ ಕೇಳಿಸದಷ್ಟು ಸೂಕ್ಷ್ಮ ಶಬ್ದವನ್ನು ಒಂದು ಸಣ್ಣ ಪ್ರೋಬ್ ಉಕ್ಕಿನೊಳಕ್ಕೆ ಕಳಿಸುತ್ತದೆ. ಉಕ್ಕು ಗಟ್ಟಿಯಾಗಿದ್ದರೆ ಶಬ್ದ ಆಚೆ ಬದಿ ಮುಟ್ಟಿ ವಾಪಸು ಬರುತ್ತದೆ. ನಡುವೆ ಬಿರುಕೋ ಗಾಳಿಗುಳ್ಳೆಯೋ ಇದ್ದರೆ ಅಲ್ಲಿಂದಲೇ ಬೇಗ ತಿರುಗಿ ಬರುತ್ತದೆ. ಪರದೆಯ ಮೇಲೆ ಒಂದು ಚೂಪಾದ ಗೆರೆ ಏಳುತ್ತದೆ.

ಆ ತಿಂಗಳು ನನಗೆ ಬಂದದ್ದು ಜಲಾಂತರ್ಗಾಮಿಯ ಕೆಲಸ. ನಮ್ಮ ರಾಜ್ಯದ ಕರಾವಳಿಯ ಒಂದು ಸಣ್ಣ ಊರಿನ ನದೀಮುಖದಲ್ಲಿ, ಎರಡನೇ ಮಹಾಯುದ್ಧದ ಕಾಲದ ಸಬ್‌ಮರೀನೊಂದು ವಸ್ತುಸಂಗ್ರಹಾಲಯವಾಗಿ ಕಟ್ಟಿಹಾಕಿಸಿಕೊಂಡು ನಿಂತಿತ್ತು. ದಶಕಗಳಿಂದ ಅದನ್ನು ನೀರಿನಿಂದ ಮೇಲೆತ್ತಿ ನೋಡಿರಲಿಲ್ಲ. ದುರಸ್ತಿ ಮಾಡಿ ಉಳಿಸಿಕೊಳ್ಳಬಹುದೇ, ಇಲ್ಲ ಒಡೆಸಬೇಕೇ ಎಂದು ಊರಿನ ಸಮಿತಿ ತೀರ್ಮಾನಿಸಬೇಕಿತ್ತು. ಮುಂದಿನ ಚಂಡಮಾರುತದಲ್ಲಿ ಹಡಗು ಮುಳುಗಿದರೆ ಒಳಗೆ ಉಳಿದ ಎಣ್ಣೆಯೆಲ್ಲ ನದಿಗೆ ಸೇರುತ್ತದೆ ಎಂಬ ಭಯ ಅವರಿಗೆ. ಅಳೆದು ವರದಿ ಕೊಡುವ ಹೊಣೆ ನನ್ನದು.

ಕೆಲಸಕ್ಕೆ ಇಳಿಯುವ ಮುಂಚೆ ಹಳೆಯ ನಕ್ಷೆಗಳನ್ನು ತರಿಸಿ ಓದಿದೆ. ಈ ಹಡಗಿನ ವರ್ಗದ ಸಬ್‌ಮರೀನುಗಳು ಯುದ್ಧದ ನಡುಗಾಲದಲ್ಲಿ ಹುಟ್ಟಿದವು. ಅವುಗಳ ಹಿಂದಿನ ವರ್ಗದವು ಮುನ್ನೂರು ಅಡಿ ಆಳಕ್ಕೆ ಇಳಿಯುತ್ತಿದ್ದವು. ಇವಕ್ಕೆ ಇನ್ನೂ ದಪ್ಪನೆಯ, ಇನ್ನೂ ಗಟ್ಟಿಯಾದ ಉಕ್ಕು ಹಾಕಿ ನಾನೂರು ಅಡಿಗೆ ಇಳಿಸಿದರು. ಉದ್ದ ಮುನ್ನೂರ ಹನ್ನೊಂದು ಅಡಿ, ಒಳಗೆ ಎಂಬತ್ತು ಮಂದಿ. ಒಡಲನ್ನು ಒಟ್ಟಿಗೆ ಕಟ್ಟುತ್ತಿರಲಿಲ್ಲ. ಬಾಗಿಸಿದ ತಗಡುಗಳನ್ನು ಬೆಸೆದು ದೊಡ್ಡ ದೊಡ್ಡ ಉಂಗುರಗಳನ್ನು ಷೆಡ್ಡಿನಲ್ಲಿ ಮಾಡಿ, ಆಮೇಲೆ ಬಳೆ ಜೋಡಿಸಿದ ಹಾಗೆ ಒಂದರ ಪಕ್ಕ ಒಂದಿಟ್ಟು ಬೆಸೆಯುತ್ತಿದ್ದರು. ಹೀಗೆ ನೂರಕ್ಕೂ ಹೆಚ್ಚು ಹಡಗುಗಳಾದವು. ಎಲ್ಲಕ್ಕೂ ಮೀನುಗಳ ಹೆಸರು. ಕೆಲವು ಯುದ್ಧದಲ್ಲೇ ಮುಳುಗಿದವು, ಕೆಲವನ್ನು ಬೇರೆ ದೇಶಗಳಿಗೆ ಕೊಟ್ಟರು, ಕೆಲವನ್ನು ಗುರಿಯಾಗಿಟ್ಟು ತಾವೇ ಹೊಡೆದು ಮುಳುಗಿಸಿದರು, ಹೆಚ್ಚಿನವು ಗುಜರಿಗೆ ಹೋದವು. ಒಂದಷ್ಟು ಹೀಗೆ ದಡದಲ್ಲಿ ಉಳಿದು ಟಿಕೆಟ್ ಕೊಂಡವರಿಗೆ ಬಾಗಿಲು ತೆರೆದವು.

ಸಮಿತಿಯ ಅಧ್ಯಕ್ಷರ ಹೆಸರು ಹಾಲಿಸ್. ಎಂಬತ್ತರ ಹತ್ತಿರದ ಮನುಷ್ಯ. ಹರೆಯದಲ್ಲಿ ಇದೇ ವರ್ಗದ ಹಡಗಿನಲ್ಲಿ ಕೆಲಸ ಮಾಡಿದವರು. ಮೊದಲ ದಿನವೇ ನನ್ನನ್ನು ಕರೆದುಕೊಂಡು ಕೋಣೆಕೋಣೆ ತೋರಿಸಿದರು. ಸೋರುವ ಜಾಗ ಬಂದಾಗಲೆಲ್ಲ ಇದೇನು ದೊಡ್ಡದಲ್ಲ ಎಂದು ಮೆಲ್ಲಗೆ ಹೇಳಿ ಮುಂದೆ ಹೋಗುತ್ತಿದ್ದರು. ಕಾಯಿಲೆ ಬಿದ್ದವರನ್ನು ಡಾಕ್ಟರಿಗೆ ತೋರಿಸಲು ತಂದವರು ಆಡುವ ಮಾತಿನ ಹಾಗಿತ್ತು ಅದು.

ಮೂರು ವಾರ ಅಳತೆ ನಡೆಯಿತು. ಹಡಗು ಮುಳುಗಲು ನೀರು ತುಂಬಿಕೊಂಡು, ಏಳಲು ಖಾಲಿಯಾಗುವ ಹೊರಗಿನ ಬ್ಯಾಲಸ್ಟ್ ಟ್ಯಾಂಕುಗಳ ತಗಡು ಕೆಲವೆಡೆ ಹಪ್ಪಳದಷ್ಟು ತೆಳುವಾಗಿ, ಸುತ್ತಿಗೆಯ ತುದಿ ತಾಗಿದರೆ ಒಳಕ್ಕೆ ಹೋಗುತ್ತಿತ್ತು. ನೀರಿನ ಒತ್ತಡ ತಡೆಯುವ ಮುಖ್ಯ ಒಡಲು ಮೂಲದಲ್ಲಿ ಇಪ್ಪತ್ತೆರಡು ಮಿಲಿಮೀಟರ್ ದಪ್ಪವಿದ್ದದ್ದು, ನೀರಿನ ಗೆರೆಯ ಬಳಿ ಹನ್ನೊಂದಕ್ಕೆ ಇಳಿದಿತ್ತು. ಏಪ್ರಿಲ್ ಮೊದಲ ವಾರದ ಹೊತ್ತಿಗೆ ವರದಿ ಯಾವ ಕಡೆ ವಾಲುತ್ತದೆ ಎಂದು ನನಗೆ ಗೊತ್ತಾಗಿತ್ತು. ಹಾಲಿಸ್‌ರಿಗೆ ಇನ್ನೂ ಹೇಳಿರಲಿಲ್ಲ.

ಆ ಶನಿವಾರ ಮಾರಿಸ್‌ವಿಲ್‌ನಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶ. ಲಸಿಕೆ ಹಾಕಿಸಿಕೊಂಡವರು ಒಂದು ವರ್ಷದ ಮೇಲೆ ಮೊದಲ ಸಲ ಒಟ್ಟಿಗೆ ಕೂತು ಊಟ ಮಾಡಿದ ದಿನ. ಎಲಿಕಾಟ್ ಸಿಟಿಯಿಂದ ಐದು ತಾಸು ಡ್ರೈವ್ ಮಾಡಿಕೊಂಡು ಡಾಕ್ಟರ್ ಗಿರಿಜಾ ಬಂದಿದ್ದಳು. ವಿಜಯಪುರದವಳು, ವೃದ್ಧರ ವೈದ್ಯೆ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ನಾನು ಸಬ್‌ಮರೀನಿನ ಸುದ್ದಿ ಎತ್ತಿದ್ದೇ ತಡ ಅವಳು ತಟ್ಟೆ ಕೆಳಗಿಟ್ಟಳು. ಅವಳ ಪೇಷಂಟ್ ಒಬ್ಬಾಕೆ, ಎಡ್ನಾ, ತೊಂಬತ್ತಾರು ವರ್ಷ, ಹುಡುಗಿಯಾಗಿದ್ದಾಗ ಉತ್ತರದ ಒಂದು ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದಳಂತೆ. ಸಬ್‌ಮರೀನುಗಳನ್ನೇ ಕಟ್ಟುತ್ತಿದ್ದಳಂತೆ. ಹಡಗಿನ ಹೆಸರು ಕೇಳಿ ಗಿರಿಜಾ ಅಲ್ಲಿಂದಲೇ ಎಡ್ನಾಳ ಮಗಳಿಗೆ ಫೋನ್ ಮಾಡಿದಳು. ಒಂದು ಗಂಟೆಯಲ್ಲಿ ಉತ್ತರ ಬಂತು. ಎಡ್ನಾ ಬೆಸೆದ ಹಡಗುಗಳಲ್ಲಿ ನನ್ನದೂ ಒಂದು. ಆಕೆ ನನ್ನನ್ನು ನೋಡಬೇಕಂತೆ.

ಮುಂದಿನ ವಾರಾಂತ್ಯ ಎಲಿಕಾಟ್ ಸಿಟಿಗೆ ಹೋದೆ. ಎಡ್ನಾ ಮಗಳ ಮನೆಯ ಹಿಂದಿನ ಅಂಗಳದಲ್ಲಿ, ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸಣ್ಣ ಮೈಕಟ್ಟು. ಎಡಗೈ ಮಣಿಕಟ್ಟಿನ ಮೇಲೆ ಬೆಸುಗೆ ಕಿಡಿ ಸಿಡಿದ ಹಳೆಯ ಬಿಳಿ ಚುಕ್ಕೆಗಳು. ಅಂಥ ಚುಕ್ಕೆಗಳು ನನ್ನ ಕೈಯಲ್ಲೂ ಇವೆ. ಅವಳು ಅವನ್ನೇ ಮೊದಲು ನೋಡಿದಳು. ಪರಿಚಯದ ಮಾತು ಬೇಕಾಗಲಿಲ್ಲ.

ಅವಳು ಹೇಳಿದ್ದು ಇಷ್ಟು. 1944ರ ಫೆಬ್ರವರಿ, ಅವಳಿಗೆ ಹತ್ತೊಂಬತ್ತು. ಷೆಡ್ಡಿನಲ್ಲಿ ಎರಡು ಹಡಗುಗಳ ಹಿಂದಿನ ಎಂಜಿನ್ ಕೋಣೆಯ ಉಂಗುರಗಳು ಅಕ್ಕಪಕ್ಕ ನಿಂತಿದ್ದವು. ಒಂದೊಂದರಲ್ಲೂ ಎಡಬದಿಯ ಮೂರು ಉದ್ದ ಬೆಸುಗೆಗಳ ಒಳಮೈ ಎಡ್ನಾಳ ಪಾಲಿಗೆ ಬಂತು. ಒಟ್ಟು ಆರು. ಅವುಗಳಲ್ಲಿ ಒಂದರ ಕೆಳತುದಿಯಲ್ಲಿ ಒದ್ದೆಯಾದ ಬೆಸುಗೆ ರಾಡಿನಿಂದ ಗುಳ್ಳೆಗಳೆದ್ದವು. ಕಣ್ಣಿಗೆ ಕಂಡವು. ಅದನ್ನು ಕೆತ್ತಿ ತೆಗೆದು ಮತ್ತೆ ಬೆಸೆಯಬೇಕು, ಅದು ನಿಯಮ. ಪಾಳಿ ಮುಗಿಯುವ ಸೀಟಿ ಕೂಗಿತ್ತು, ಹೊರಗೆ ಹಿಮ ಬೀಳುತ್ತಿತ್ತು, ಬಸ್ಸು ಹೊರಡುವುದರಲ್ಲಿತ್ತು. ಅವಳು ಅದರ ಮೇಲೆ ಇನ್ನೊಂದು ಪದರ ಎಳೆದು ಮುಚ್ಚಿ ಮನೆಗೆ ಹೋದಳು. ಆಗ ಎಕ್ಸ್‌ರೇ ತೆಗೆಯುತ್ತಿದ್ದದ್ದು ಆಯ್ದ ಜಾಗಗಳಲ್ಲಿ ಮಾತ್ರ. ಅಲ್ಲಿ ತೆಗೆಯಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ.

ಅವಳ ತಮ್ಮ ಡ್ಯಾನಿ, ಒಂದೇ ವರ್ಷಕ್ಕೆ ಚಿಕ್ಕವನು, ಅದೇ ವರ್ಷ ನೌಕಾಪಡೆ ಸೇರಿ ಎಂಜಿನ್ ಮೆಕ್ಯಾನಿಕ್ ಆದ. ಅವನನ್ನು ಹಾಕಿದ್ದು ಆ ಎರಡು ಹಡಗುಗಳಲ್ಲಿ ಒಂದಕ್ಕೆ; ಇನ್ನೊಂದು ನಾನು ಅಳೆಯುತ್ತಿದ್ದ ಹಡಗು. ಕೆಲಸ ಹಿಂದಿನ ಎಂಜಿನ್ ಕೋಣೆಯಲ್ಲಿ. ನಮ್ಮಕ್ಕನ ಬೆಸುಗೆಗೆ ಒರಗಿಕೊಂಡು ಕಾಫಿ ಕುಡಿಯುತ್ತೇನೆ ಎಂದು ಕಾಗದ ಬರೆದಿದ್ದನಂತೆ. 1945ರ ವಸಂತದಲ್ಲಿ ಆ ಹಡಗು ಪೆಸಿಫಿಕ್ ಸಾಗರದಿಂದ ವಾಪಸು ಬರಲಿಲ್ಲ. ಬರಬೇಕಾದ ದಿನ ಮೀರಿದೆ, ಮುಳುಗಿರಬೇಕೆಂದು ಭಾವಿಸಲಾಗಿದೆ ಎಂದು ಮನೆಗೆ ತಂತಿ ಬಂತು. ಆ ಯುದ್ಧದಲ್ಲಿ ಅಮೆರಿಕ ಕಳೆದುಕೊಂಡ ಐವತ್ತೆರಡು ಸಬ್‌ಮರೀನುಗಳಲ್ಲಿ ಅದೂ ಒಂದು. ಎಲ್ಲಿ, ಹೇಗೆ ಮುಳುಗಿತೆಂದು ಇವತ್ತಿಗೂ ಗೊತ್ತಿಲ್ಲ.

ಆರು ಬೆಸುಗೆಗಳಲ್ಲಿ ಕೆಟ್ಟದ್ದು ಯಾವ ಹಡಗಿನದು ಎಂದು ಎಡ್ನಾಗೆ ನೆನಪಿರಲಿಲ್ಲ. ಉಂಗುರಗಳೆರಡೂ ಒಂದೇ ಥರ, ಬೆಳಕು ಮಂದ, ಅವಳಿಗೆ ನಿದ್ದೆ ಸಾಲದು. ಎಪ್ಪತ್ತೇಳು ವರ್ಷ ಅವಳು ಆ ಸಂಜೆಯನ್ನು ನೆನಪಿಸಿಕೊಳ್ಳಲು ಪ್ರಯತ್ನಿಸಿದ್ದಳು. ಗಂಡನಿಗೆ ಒಂದು ಸಲ, ಮಗಳಿಗೆ ಒಂದು ಸಲ, ಚರ್ಚಿನ ಪಾದ್ರಿಗೆ ಒಂದು ಸಲ ಹೇಳಿದ್ದಳು. ನಿನ್ನ ತಪ್ಪಲ್ಲ ಎಂದು ಮೂವರೂ ಅಂದರು.

"ನಿನಗೆ ಅದನ್ನು ನೋಡೋಕೆ ಬರುತ್ತಲ್ಲ," ಎಂದಳು ನನಗೆ. "ನನ್ನ ಮೂರು ಅಲ್ಲಿವೆ. ನೋಡಿ ಹೇಳು."

ನಾನು ಒಪ್ಪಿಕೊಂಡೆ. ವಾಪಸು ಹೊರಟು ರಿಚ್ಮಂಡ್ ದಾಟುವ ಹೊತ್ತಿಗಷ್ಟೇ ನಾನು ಒಪ್ಪಿಕೊಂಡದ್ದು ಏನೆಂದು ತಲೆಗೆ ಹೊಳೆದದ್ದು. ಈ ಹಡಗಿನ ಮೂರೂ ಬೆಸುಗೆ ಸ್ವಚ್ಛವಾಗಿದ್ದರೆ ಎಡ್ನಾಗೆ ಅದು ಒಳ್ಳೆಯ ಸುದ್ದಿಯಲ್ಲ. ಕೆಟ್ಟದ್ದು ತಮ್ಮನ ಹಡಗಿನಲ್ಲಿತ್ತು ಎಂದಾಗುತ್ತದೆ. ಒಂದು ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಗಿರಿಜಾಗೆ ಫೋನ್ ಮಾಡಿದೆ. ಅವಳಿಗೂ ಅದು ಹೊಳೆದಿತ್ತು.

"ಅಕ್ಕಾ, ನೋಡಿದ್ವಿ, ಕೆಟ್ಟದ್ದು ಇಲ್ಲೇ ಐತಿ ಅಂತ ಹೇಳಿಬಿಡ್ರಿ," ಎಂದಳು. "ತೊಂಬತ್ತಾರು ವಯಸ್ಸಿನಾಕಿ. ಯಾರ್ ಬಂದು ಕೇಳ್ತಾರ?"

"ನೋಡದ ಹೇಳಿದ್ರ ಆಕಿಗೆ ಗೊತ್ತಾಗ್ತದವಾ," ಎಂದೆ. "ಆಕಿನೂ ಈ ಕೆಲಸ ಮಾಡಿದಾಕಿನ."

ಗಿರಿಜಾ ಮತ್ತೆ ಒತ್ತಾಯಿಸಲಿಲ್ಲ. ಕೆಟ್ಟ ಸುದ್ದಿಯಾದರೆ ತಾನು ಪಕ್ಕದಲ್ಲಿ ಇರುತ್ತೇನೆ, ಒಬ್ಬಳೇ ಹೇಳಬೇಡಿ ಎಂದು ಫೋನ್ ಇಟ್ಟಳು.

ಕಂಪನಿಯ ಕೆಲಸದ ಪಟ್ಟಿಯಲ್ಲಿ ಆ ಬೆಸುಗೆಗಳು ಇರಲಿಲ್ಲ. ನನ್ನ ರಜೆಯ ದಿನ ಬಂದು ನೋಡಲು ಅಪ್ಪಣೆ ಕೊಡಿ ಎಂದು ಹಾಲಿಸ್‌ರನ್ನು ಕೇಳಿ, ಯಾಕೆಂದೂ ಹೇಳಿದೆ. ಅವರು ಒಪ್ಪಿದರು. ನಾನು ಮುಂದಿನ ಶನಿವಾರ ಬೆಳಿಗ್ಗೆ ಹೋಗುವಷ್ಟರಲ್ಲಿ ಅವರು ಇನ್ನಿಬ್ಬರನ್ನು ಕಟ್ಟಿಕೊಂಡು ಹಿಂದಿನ ಎಂಜಿನ್ ಕೋಣೆಯ ಎಡಬದಿಯ ಕಾರ್ಕ್ ಹೊದಿಕೆ ಕಿತ್ತು, ತಳದಲ್ಲಿ ನಿಂತ ಎಣ್ಣೆನೀರು ಪಂಪ್ ಮಾಡಿ, ಪೈಪುಗಳ ಹಿಂದಿನ ಕೆಸರು ತೆಗೆದಿದ್ದರು. ಅವರ ಅಂಗಿಯ ತೋಳು ಮೊಣಕೈವರೆಗೆ ಕಪ್ಪಾಗಿತ್ತು. ಈ ಮನುಷ್ಯನಿಗೆ ನಾನು ಎಂಥ ವರದಿ ಕೊಡಲಿದ್ದೇನೆ ಎಂಬುದು ನೆನಪಾಗಿ ಅವರ ಮುಖ ನೋಡಲಾಗಲಿಲ್ಲ.

ಎಡ್ನಾಳ ಬೆಸುಗೆ ಗುರುತಿಸುವುದು ಕಷ್ಟವಾಗಲಿಲ್ಲ. ಬೆಸೆದವರು ಪಕ್ಕದಲ್ಲಿ ತಮ್ಮ ಸಂಖ್ಯೆಯನ್ನು ಅಚ್ಚಿನಿಂದ ಹೊಡೆಯುತ್ತಿದ್ದರು. ಅವಳದು 318. ಬಣ್ಣದ ಪದರಗಳನ್ನು ಕೆರೆದಾಗ ಒಂದೊಂದಾಗಿ ಮೂರು ಕಡೆ ಅದು ಕಾಣಿಸಿತು. ಇನ್ನೊಂದು ಗುರುತನ್ನೂ ಅವಳೇ ಹೇಳಿದ್ದಳು. ಅವಳು ಎಡಚಿ. ಕರಗಿದ ಲೋಹ ಆರುವಾಗ ಮೀನಿನ ಹುರುಪೆಯಂತೆ ಸಾಲುಸಾಲು ಅಲೆಗಳು ಮೂಡುತ್ತವೆ, ಕೈ ಯಾವ ಕಡೆ ಸಾಗಿತೆಂದು ಅವು ತೋರಿಸುತ್ತವೆ. ಸುತ್ತಲಿನ ಎಲ್ಲ ಬೆಸುಗೆಗಳ ಅಲೆಗಳೂ ಒಂದು ದಿಕ್ಕಿಗಿದ್ದರೆ ಈ ಮೂರರವು ಎದುರು ದಿಕ್ಕಿಗಿದ್ದವು. ತುಕ್ಕು ಎರಡೂ ಬದಿಯ ತಗಡನ್ನು ತಿಂದಿತ್ತು. ನಡುವೆ ಬೆಸುಗೆ ಮಾತ್ರ ಹೊಲದ ಬದುವಿನ ಹಾಗೆ ಎದ್ದು ನಿಂತಿತ್ತು. ನಾನು ಕೈಗವಸು ತೆಗೆದು ಅದರ ಮೇಲೆ ಬೆರಳಾಡಿಸಿದೆ. ಹತ್ತೊಂಬತ್ತರ ಹುಡುಗಿಯ ಕೈ ಅಷ್ಟು ಸಮನಾಗಿ ಓಡಿತ್ತು.

ಮೊದಲ ಬೆಸುಗೆಯಿಂದ ಶುರುಮಾಡಿದೆ. ಜೆಲ್ ಹಚ್ಚಿ, ಪ್ರೋಬ್ ಇಟ್ಟು, ಬೆರಳಗಲ ಬೆರಳಗಲ ಸರಿಸುತ್ತಾ ಒಂದೂಕಾಲು ಗಂಟೆ. ಏನೂ ಇಲ್ಲ. ಕೆಳತುದಿಯನ್ನು ಮೂರು ಸಲ, ಮೂರು ಕೋನದಿಂದ ನೋಡಿದೆ. ಇವತ್ತಿನ ಯಾವ ಪರೀಕ್ಷೆಯಲ್ಲೂ ಪಾಸಾಗುವ ಬೆಸುಗೆ. ಎರಡನೆಯದೂ ಹಾಗೆಯೇ. ಮಧ್ಯಾಹ್ನ ಹೊರಗೆ ಬಂದು ಹಡಗಿನ ಮೇಲೆ ಕೂತೆ. ಹಾಲಿಸ್ ಸ್ಯಾಂಡ್‌ವಿಚ್ ಮುಂದಿಟ್ಟರು, ನನಗೆ ತಿನ್ನಲಾಗಲಿಲ್ಲ. ಮೂವತ್ತೈದು ವರ್ಷ ನಾನು ದೋಷವಿಲ್ಲದಿರಲಿ ಎಂದು ಬಯಸುತ್ತಲೇ ಕೆಲಸ ಮಾಡಿದವಳು. ಅವತ್ತು, ದೋಷ ಸಿಗಲಪ್ಪಾ ಎಂದು ವೀರನಾರಾಯಣನನ್ನು ಬೇಡಿಕೊಂಡೆ.

ಮೂರನೇ ಬೆಸುಗೆಯ ಕೆಳತುದಿ ತಳದ ತಗ್ಗಿನಲ್ಲಿ, ಎರಡು ಪೈಪುಗಳ ಹಿಂದಿತ್ತು. ಅಂಗಾತ ಮಲಗಿ, ಒಂದು ತೋಳನ್ನು ಮಾತ್ರ ಒಳಗೆ ತೂರಿಸಬೇಕು. ಪರದೆಯನ್ನು ಹಾಲಿಸ್ ನನ್ನ ಮುಖದ ಮೇಲೆ ಹಿಡಿದು ನಿಂತರು. ಮುಕ್ಕಾಲು ಭಾಗ ಸ್ವಚ್ಛ. ತುದಿಗೆ ಇನ್ನು ಒಂದು ಗೇಣು ಇರುವಾಗ ಪರದೆಯ ನಡುವೆ ಒಂದು ಗೆರೆ ಎದ್ದಿತು. ಕೈ ಅಲುಗಿತೇನೋ ಎಂದು ಪ್ರೋಬ್ ತೆಗೆದು ಮತ್ತೆ ಇಟ್ಟೆ. ಮತ್ತೆ ಎದ್ದಿತು. ಒಂಬತ್ತು ಮಿಲಿಮೀಟರ್ ಆಳದಲ್ಲಿ ಒಂದು ದೊಡ್ಡ ಗುಳ್ಳೆ, ಅದರ ಪಕ್ಕ ಎರಡು ಸಣ್ಣವು. ಸುತ್ತಲೂ ಒಂದು ಕೂದಲೆಳೆಯಷ್ಟು ಬಿರುಕೂ ಬೆಳೆದಿರಲಿಲ್ಲ. ಈ ಹಡಗು ಯುದ್ಧ ಮುಗಿಸಿ, ಆಮೇಲೂ ಎಪ್ಪತ್ತರ ದಶಕದವರೆಗೆ ಸಮುದ್ರದೊಳಗೆ ಇಳಿದು ಎದ್ದು ಮಾಡಿತ್ತು. ಅಷ್ಟು ಕಾಲವೂ ಆ ಮೂರು ಗುಳ್ಳೆಗಳು ಯಾರಿಗೂ ಏನೂ ಮಾಡದೆ ಅಲ್ಲೇ ಕೂತಿದ್ದವು.

"ಸಿಕ್ಕಿತಾ?" ಎಂದು ಹಾಲಿಸ್ ಕೇಳಿದರು.

ತಲೆಯಾಡಿಸಿದೆ. ಅವರು ಪರದೆ ಕೆಳಗಿಟ್ಟು, ಪೈಪಿನ ಮೇಲೆ ಕೂತು, ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡರು.

ಮೇ ತಿಂಗಳ ಎರಡನೇ ಭಾನುವಾರ ಮತ್ತೆ ಎಲಿಕಾಟ್ ಸಿಟಿ. ಗಿರಿಜಾ ಹೇಳಿದಂತೆಯೇ ಪಕ್ಕದಲ್ಲಿದ್ದಳು. ನಾನು ಅಳತೆಯ ಹಾಳೆ, ಬೆಸುಗೆಯ ಫೋಟೋ, ಪರದೆಯ ಪ್ರಿಂಟ್ ಎಲ್ಲ ಮೇಜಿನ ಮೇಲೆ ಹರಡಿದೆ. ಎರಡು ಬೆಸುಗೆಗಳು ಸ್ವಚ್ಛ, ಮೂರನೆಯದರ ಕೆಳತುದಿಯಲ್ಲಿ ಗುಳ್ಳೆಗಳಿವೆ ಎಂದೆ. ಎಡ್ನಾ ಭೂತಗನ್ನಡಿ ತರಿಸಿಕೊಂಡು ಪ್ರಿಂಟಿನ ಮೇಲೆ ಬಗ್ಗಿದಳು.

"ಮೂರಾ?"

"ಮೂರು."

"ಒಂದು ದೊಡ್ಡದು, ಎರಡು ಸಣ್ಣವು," ಎಂದಳು ಎಡ್ನಾ, ಪ್ರಿಂಟಿನಿಂದ ತಲೆಯೆತ್ತಿ.

ಗುಳ್ಳೆಗಳು ಎಷ್ಟು, ಎಷ್ಟು ದೊಡ್ಡವು ಎಂಬುದನ್ನು ಅದಕ್ಕೆ ಮುಂಚೆ ಅವಳು ನನಗಾಗಲಿ ಮಗಳಿಗಾಗಲಿ ಹೇಳಿರಲಿಲ್ಲ. ಹೌದು ಎಂದೆ. ಅವಳು ಭೂತಗನ್ನಡಿ ಕೆಳಗಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು. ನನ್ನ ಕೆಲಸದ ನಿಯಮದಂತೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು. ಡ್ಯಾನಿಯ ಹಡಗನ್ನು ನಾನು ನೋಡಿಲ್ಲ, ಅದು ಯಾಕೆ ಮುಳುಗಿತೆಂದು ನನಗೆ ಗೊತ್ತಿಲ್ಲ, ನೀನು ಬಿಟ್ಟುಹೋದ ಗುಳ್ಳೆಗಳು ಮಾತ್ರ ಈ ಹಡಗಿನಲ್ಲಿವೆ ಎಂದೆ. ಗಿರಿಜಾ ನನ್ನ ಕಡೆ ನೋಡಿದಳು, ಅಷ್ಟು ಕಟ್ಟುನಿಟ್ಟು ಬೇಕಿತ್ತೇ ಎನ್ನುವ ಹಾಗೆ.

ಎಡ್ನಾ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಳು. "ಎಲ್ಲರೂ ನನಗೆ ಸಮಾಧಾನ ಹೇಳಿದರು. ಹೋಗಿ ನೋಡಿದವಳು ನೀನೊಬ್ಬಳೇ."

ಆಮೇಲೆ ಅತ್ತಳು. ಮಗಳು ಬಂದು ಭುಜ ಹಿಡಿದುಕೊಂಡಳು. ಅತ್ತು ಮುಗಿದ ಮೇಲೆ ಒಂಬತ್ತು ಮಿಲಿಮೀಟರ್ ಅಂದರೆ ಇಂಚಿನಲ್ಲಿ ಎಷ್ಟು ಎಂದು ಕೇಳಿದಳು. ಹೇಳಿದೆ. ಎರಡನೇ ಪದರ, ರಾಡ್ ಬದಲಾಯಿಸಿದ ಜಾಗ ಎಂದು ತನ್ನಷ್ಟಕ್ಕೆ ಲೆಕ್ಕ ಹಾಕಿ, ಕೆತ್ತಿ ತೆಗೆಯಬೇಕಿತ್ತು ಎಂದಳು. ಹೌದು, ತೆಗೆಯಬೇಕಿತ್ತು ಎಂದೆ. ನಾವಿಬ್ಬರೂ ನಕ್ಕೆವು.

ಹಡಗಿನ ವರದಿಯನ್ನು ಜೂನ್‌ನಲ್ಲಿ ಸಮಿತಿಗೆ ಕೊಟ್ಟೆ. ಉಳಿಸಲಾಗದು ಎಂದು ಬರೆದಿದ್ದೆ. ಎಳೆದೊಯ್ದು ದುರಸ್ತಿ ಮಾಡುವುದನ್ನು ಒಡಲು ತಾಳುವುದಿಲ್ಲ, ನಿಂತಲ್ಲೇ ಬಿಟ್ಟರೆ ಒಂದೆರಡು ಚಂಡಮಾರುತಗಳ ಮಾತು. ಸಭೆಯಲ್ಲಿ ಒಂದಿಬ್ಬರು ಕೋಪದಿಂದ ಎದ್ದು ಹೋದರು. ಹಾಲಿಸ್ ವರದಿಯ ಪ್ರತಿ ಪುಟವನ್ನೂ ತಿರುವಿ ನೋಡಿ, ಕೊನೆಗೆ ನನ್ನ ಬಳಿ ಬಂದು, ನೀವು ಆ ತಳದಲ್ಲಿ ಮಲಗಿ ನೋಡಿದ್ದನ್ನು ಕಂಡಿದ್ದೇನೆ, ನಿಮ್ಮ ಅಂಕಿಗಳ ಜೊತೆ ಜಗಳವಿಲ್ಲ ಎಂದರು. ಹಾಗೆಂದು ಅವರಿಗೆ ನೋವು ಕಡಿಮೆಯಾಗಿರಲಿಲ್ಲ. ಮರುವರ್ಷ ಹಡಗನ್ನು ನಿಂತಲ್ಲೇ ತುಂಡುತುಂಡಾಗಿ ಕತ್ತರಿಸಿದರು. ಅವರು ಪ್ರತಿದಿನ ಬಂದು ದಡದಲ್ಲಿ ನಿಲ್ಲುತ್ತಿದ್ದರಂತೆ. ಮೂರನೇ ಬೆಸುಗೆಯ ತುದಿಯನ್ನು ಒಂದು ಪುಸ್ತಕದಷ್ಟು ಅಗಲಕ್ಕೆ ಕತ್ತರಿಸಿಕೊಡಲು ಕೆಲಸಗಾರರನ್ನು ಕೇಳಿಕೊಂಡವರೂ ಅವರೇ. ಐದು ಕಿಲೋ ತೂಗುವ ಆ ತುಂಡನ್ನು ಸ್ವತಃ ಕಾರಿನಲ್ಲಿ ಇಟ್ಟುಕೊಂಡು ಎಲಿಕಾಟ್ ಸಿಟಿಗೆ ಒಯ್ದು ಕೊಟ್ಟರು.

ಎಡ್ನಾ 2023ರ ಚಳಿಗಾಲದಲ್ಲಿ ತೀರಿಕೊಂಡಳು. ಕೊನೆಯ ಎರಡು ವರ್ಷದ ಬಗ್ಗೆ ಗಿರಿಜಾ ಹೇಳಿದ ಒಂದು ಸಂಗತಿ ಇಲ್ಲಿ ಬರೆಯಲೇಬೇಕು. ಅದಕ್ಕೆ ಮುಂಚೆ ಎಡ್ನಾ ತಮ್ಮನ ವಿಷಯ ಎತ್ತಿದರೆ ಅವನು ಸತ್ತದ್ದನ್ನು ಮಾತ್ರ ಹೇಳುತ್ತಿದ್ದಳಂತೆ. ಆಮೇಲೆ ಬೇರೆಯದನ್ನು ಹೇಳತೊಡಗಿದಳು. ಪಕ್ಕದ ಮನೆಯ ಪೇರ್ ಹಣ್ಣು ಕದ್ದು ಅಂಗಿಯೊಳಗೆ ತುಂಬಿಕೊಂಡು ಓಡಿದ್ದು, ಹಾಡಲು ಬಾರದಿದ್ದರೂ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದದ್ದು, ಇವಳ ಮೊದಲ ಸಂಬಳದಲ್ಲಿ ಅವನಿಗೊಂದು ಬೂಟು ಕೊಡಿಸಿದ್ದು. ತನಗೆ ಮಾಮ ಒಬ್ಬನಿದ್ದ ಎಂದು ಮಗಳಿಗೆ ಎಪ್ಪತ್ತನೇ ವಯಸ್ಸಿನಲ್ಲಿ ಗೊತ್ತಾದ ಹಾಗಾಯಿತಂತೆ.

ನಾನು 2024ರಲ್ಲಿ ನಿವೃತ್ತಳಾದೆ. ಯಾರಾದರೂ ತಮ್ಮ ಹಳೆಯ ಭಯವೊಂದನ್ನು ಹೇಳಿಕೊಂಡರೆ, ಹಾಗೇನೂ ಆಗಿರಲಿಕ್ಕಿಲ್ಲ ಬಿಡಿ ಎಂದು ಹೇಳಿ ಮುಗಿಸುವುದು ನನಗೂ ಮುಂಚೆ ಅಭ್ಯಾಸವಿತ್ತು. ಅದು ಪ್ರೀತಿಯ ಮಾತೇ, ಆದರೆ ಅವರನ್ನು ಆ ಭಯದ ಜೊತೆ ಒಂಟಿಯಾಗಿ ಬಿಟ್ಟು ಬರುವ ಮಾತೂ ಹೌದು. ಈಗ ನಾನು ಮೊದಲು ಕೇಳುತ್ತೇನೆ: ಎಲ್ಲಿ, ಯಾವ ಕಡೆ, ಎಷ್ಟು ಆಳ. ನೋಡಲು ಸಾಧ್ಯವಿದ್ದರೆ ಅವರ ಜೊತೆ ಹೋಗಿ ನೋಡುತ್ತೇನೆ. ಸಾಧ್ಯವಿಲ್ಲದಿದ್ದರೆ, ನೋಡಿಲ್ಲ ಎಂದೇ ಹೇಳುತ್ತೇನೆ.